ಈ ಪುಸ್ತಕ ಯಾರೂ ಓದಬೇಡಿ

ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಎಷ್ಟು ಬಗೆಯ ಉಪಯೋಗವಿದೆ ಎಂಬುದನ್ನು ನಾನು ವರ್ಷಗಟ್ಟಲೆ ನೋಡಿ ಕಲಿತಿದ್ದೇನೆ. ದಪ್ಪ ನಿಘಂಟನ್ನು ಬಾಗಿಲು ಬಡಿಯದಂತೆ ಅಡ್ಡ ಇಡಬಹುದು. ಕಟ್ಟು ಹಾಕಿಸಿದ ಹಳೆಯ ಮಾಸಿಕಗಳ ಎರಡು ಸಂಪುಟ ಒಂದರ ಮೇಲೊಂದು ಇಟ್ಟರೆ ಮಧ್ಯಾಹ್ನದ ನಿದ್ದೆಗೆ ಸರಿಯಾದ ದಿಂಬು. ಮಹಾಕಾವ್ಯದ ವ್ಯಾಖ್ಯಾನವೊಂದು ನಮ್ಮಲ್ಲಿ ಬಹಳ ಕಾಲದಿಂದ ಮೇಜಿನ ಕುಂಟುಕಾಲಿನ ಕೆಳಗಿದೆ. ಸಾಹಿತ್ಯವೇ ಸಮಾಜಕ್ಕೆ ಆಧಾರ ಎಂದು ಭಾಷಣ ಬಿಗಿಯುವ ಅತಿಥಿಗಳಿಗೆ ನಾನು ಆ ಮೇಜನ್ನು ತೋರಿಸುವುದುಂಟು. ಪುಸ್ತಕವನ್ನು ಓದುವುದಕ್ಕೂ ಬಳಸಬಹುದು ಎಂಬುದು ಮಾತ್ರ ನನ್ನ ಗಮನಕ್ಕೆ ಬರುವುದು ತುಸು ತಡವಾಯಿತು. ತಡವಾದದ್ದಕ್ಕೆ ಕಾರಣ, ನಾನೇ ಅಲ್ಲಿಯ ಗ್ರಂಥಪಾಲಕಿ.

ನಮ್ಮ ಗ್ರಂಥಾಲಯ ಇರುವುದು ಮಿರಜದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಒಂದು ಮಹಡಿಯ ಮೇಲೆ. ಕೆಳಗೆ ಹಿಟ್ಟಿನ ಗಿರಣಿ. ಹಳೆಯ ಪುಸ್ತಕದ ಪರಿಮಳ ಎಂದು ಕಣ್ಣು ಮುಚ್ಚಿ ಉಸಿರೆಳೆಯುವ ರಸಿಕರಿದ್ದಾರಲ್ಲ, ಅವರು ನಮ್ಮಲ್ಲಿ ಉಸಿರೆಳೆದರೆ ಜೋಳದ ಹಿಟ್ಟು ಮೂಗಿಗೆ ಹೋಗಿ ಸೀನು ಬರುತ್ತದೆ, ಆಮೇಲೆ ಹಸಿವಾಗುತ್ತದೆ. ವ್ಯಾಪಾರಕ್ಕೆಂದು ಸಾಂಗ್ಲಿ, ಮಿರಜಗಳಿಗೆ ಬಂದು ನೆಲೆಸಿದ ಕನ್ನಡದ ಮನೆತನಗಳು ಎಂದೋ ಕೂಡಿ ಕಟ್ಟಿದ ಸಂಸ್ಥೆ ಇದು. ಎಡಗಡೆ ಕನ್ನಡದ ಕಪಾಟುಗಳು, ಬಲಗಡೆ ಮರಾಠಿಯವು, ನಡುವೆ ನಾನು. ನನ್ನ ತವರು ಗಡಿಯ ಹಳ್ಳಿ ಆರಗ. ಅಲ್ಲಿ ಎಮ್ಮೆಯನ್ನು ಕನ್ನಡದಲ್ಲಿ ಬೈದು ಮರಾಠಿಯಲ್ಲಿ ರಮಿಸುತ್ತಾರೆ. ಆದ್ದರಿಂದ ಎರಡು ಭಾಷೆಗಳ ನಡುವೆ ಕೂರುವುದು ನನಗೇನೂ ಕಷ್ಟವಾಗಲಿಲ್ಲ.

ಓದುಗರು ಇರಲಿಲ್ಲವೆಂದು ತಿಳಿಯಬೇಡಿ. ಬೆಳಗಿನಿಂದ ಸಂಜೆಯವರೆಗೆ ಉದ್ದದ ಮೇಜುಗಳ ತುಂಬ ಹುಡುಗ ಹುಡುಗಿಯರು. ಪೊಲೀಸ್ ಭರ್ತಿ, ತಲಾಠಿ ಪರೀಕ್ಷೆ, ರೈಲ್ವೆ ಪರೀಕ್ಷೆ ಎಂದು ತಪಸ್ಸಿಗೆ ಕೂತವರು. ಇಂಥ ಜಾಗಕ್ಕೆ ನಮ್ಮ ಕಡೆ ‘ಅಭ್ಯಾಸಿಕಾ’ ಎಂದು ಹೆಸರು. ಬೆಂಚು, ಫ್ಯಾನು, ವೈಫೈ ನಮ್ಮದು, ಓದುವ ಗೈಡು ಅವರದು. ಅವರಿಗೆ ಭೂಮಿಯ ಮೇಲಿನ ಎಲ್ಲ ದೇಶಗಳ ರಾಜಧಾನಿ ಗೊತ್ತು. ತಮ್ಮ ಬೆನ್ನಿನ ಹಿಂದೆ ಒಂದು ಗೇಣು ದೂರದಲ್ಲಿ ಏನಿದೆ ಎಂದು ಮಾತ್ರ ಒಬ್ಬರೂ ಕುತ್ತಿಗೆ ತಿರುಗಿಸಿ ನೋಡಿದ್ದಿಲ್ಲ.

ಒಂದು ಭಾನುವಾರ ಕಮಿಟಿಯ ಸಭೆ ನಡೆಯಿತು. ನಮ್ಮ ಅಧ್ಯಕ್ಷರು ಶಿವಲಿಂಗಪ್ಪ ಕಾಕಾ, ಸಾಂಗ್ಲಿಯ ಅರಿಶಿನ ವ್ಯಾಪಾರಿ, ಎಂಬತ್ತರ ಹತ್ತಿರದ ಹಿರಿಯರು. ಮಾತು ಕಡಿಮೆ. ಅಭ್ಯಾಸಿಕಾಕ್ಕೆ ರಜೆಯಿರುವ ಭಾನುವಾರಗಳಲ್ಲಿ ಮಾತ್ರ ಸಾಂಗ್ಲಿಯಿಂದ ಬಂದು, ಸಭೆ ಮುಗಿಸಿ, ಚಹಾ ಕುಡಿದು ಹೋಗುವವರು. ಅಂದು ಅವರು ಎದ್ದು ಕಪಾಟಿನ ಉದ್ದವನ್ನು ಕಣ್ಣಿನಲ್ಲೇ ಅಳೆದು ಹೇಳಿದರು: “ಕಮಲಾಬಾಯಿ, ಇವನ್ನ ತಗದ್ರ ಇನ್ನೊಂದಿಷ್ಟ ಖುರ್ಚಿ ಹಿಡೀತಾವ ನೋಡ್ರಿ. ಪುಸ್ತಕ ಯಾರೂ ಮುಟ್ಟವಲ್ರು. ಹುಡುಗ್ರು ಜಾಗಾ ಇಲ್ಲ ಅಂತ ತಿರುಗಿ ಹೋಗಾಕತ್ತಾರ.”

“ಪುಸ್ತಕ ಎಲ್ಲಿ ಇಡೋದ್ರಿ ಕಾಕಾ?” ಎಂದೆ.

“ನಮ್ಮ ಗೋಡಾವನ್ನ್ಯಾಗ ಒಂದ ಮೂಲಿ ಐತಿ.”

ಅರಿಶಿನದ ಗೋದಾಮಿಗೆ ಹೋದ ಪುಸ್ತಕ ಹಳದಿಯಾಗಿ, ಮದುವೆಗೆ ಸಿದ್ಧವಾದ ಮದುಮಗಳಂತೆ ಹೊರಬಂದೀತೇ ಹೊರತು ಓದುಗನ ಕೈಗೆ ಬರಲಾರದು. ನಾನು ಕೈಮುಗಿದೆ. ದೀಪಾವಳಿಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಹುಡುಗರು ಕಪಾಟಿಗೆ ಕೈಹಾಕುವಂತೆ ಮಾಡಿದರೆ ಸರಿ, ಇಲ್ಲದಿದ್ದರೆ ಗೋದಾಮು.

ಆ ವಾರವೇ ಸಾಂಗ್ಲಿಯಲ್ಲಿ ಗ್ರಂಥಪಾಲಕರಿಗೆ ಒಂದು ದಿನದ ತರಬೇತಿ ಇತ್ತು. ವಿಷಯ: ಬ್ಲಾಗು ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ ಯುವ ಓದುಗರನ್ನು ಸೆಳೆಯುವುದು ಹೇಗೆ. ಕಲಿಸಲು ಬಂದವನು ನನ್ನ ಮಗನ ವಯಸ್ಸಿನ ತರುಣ. “ಯುವ ಓದುಗರು ಎಲ್ಲಿದ್ದಾರೋ ಅಲ್ಲಿಗೆ ನೀವು ಹೋಗಬೇಕು” ಎಂದು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿದ. ನನ್ನ ಯುವ ಓದುಗರು ನನ್ನ ಮೂಗಿನ ಮುಂದೆಯೇ ಕೂತಿರುವಾಗ ನಾನು ಇನ್ನೆಲ್ಲಿಗೆ ಹೋಗಲಿ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಚಹಾ ಮತ್ತು ಭಡಂಗ ಬಂತು. ಸಾಂಗ್ಲಿಯ ಖಾರದ ಚುರುಮುರಿ ಬಾಯಲ್ಲಿರುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ತರಬೇತಿಗಳಲ್ಲಿ ಅದನ್ನು ಹಂಚುವ ಉದ್ದೇಶವೂ ಅದೇ ಇರಬೇಕು.

ಬ್ಲಾಗು ತೆರೆದೆ. ಮೊದಲ ಬರಹದ ಹೆಸರು ‘ಜೀವನದಲ್ಲಿ ಗ್ರಂಥಗಳ ಮಹತ್ವ’. ಎರಡನೆಯದು ‘ಗ್ರಂಥಗಳ ಮಹತ್ವ: ಮುಂದುವರಿದ ಭಾಗ’. ಮೂರನೆಯದನ್ನು ಬರೆಯುವಾಗ ನನಗೇ ತೂಕಡಿಕೆ ಬಂದು, ಮಹತ್ವ ಅಲ್ಲಿಗೇ ನಿಂತಿತು. ಓದಿದವರು ಎಷ್ಟು ಮಂದಿ ಎಂದು ತೋರಿಸುವ ಅಂಕಿಯೊಂದು ಬ್ಲಾಗಿನ ಮೂಲೆಯಲ್ಲಿರುತ್ತದೆ. ಆ ಅಂಕಿ ದಿನಕ್ಕೊಂದು ಏರುತ್ತಿತ್ತು. ನಾನು ದಿನಕ್ಕೊಂದು ಸಲ ಅದನ್ನು ನೋಡಲು ಹೋಗುತ್ತಿದ್ದೆನಲ್ಲ, ಅದಕ್ಕೇ. ಒಂದೇ ಒಂದು ಪ್ರತಿಕ್ರಿಯೆ ಬಂದಿತ್ತು. ಓಡಿಹೋಗಿ ತೆರೆದರೆ, ಬೊಕ್ಕತಲೆಗೆ ಎಣ್ಣೆ ಮಾರುವವನದು.

ಹಿಂದಿನವರು ನಮಗಿಂತ ಜಾಣರಿದ್ದರು. ಓಲೆಗರಿಯ ಮೇಲೆ ಗ್ರಂಥ ನಕಲು ಮಾಡುತ್ತಿದ್ದ ಲಿಪಿಕಾರರು ಕೊನೆಗೆ ತಮ್ಮದೊಂದು ಗೋಳನ್ನು ಸೇರಿಸುವ ರೂಢಿಯಿತ್ತು. ಬೆನ್ನು ಮುರಿಯಿತು, ಸೊಂಟ ಬಿತ್ತು, ಕುತ್ತಿಗೆ ಹಿಡಿಯಿತು, ಇಷ್ಟು ಕಷ್ಟಪಟ್ಟು ಬರೆದದ್ದನ್ನು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿ, ಎಂಬ ಅರ್ಥ ಬರುವಂತೆ. ಗ್ರಂಥದೊಳಗಿನ ವೇದಾಂತ ಮರೆತುಹೋದರೂ ಆ ಸೊಂಟನೋವು ನೆನಪಿರುತ್ತದೆ. ಓದುಗನ ಜೊತೆ ಮನುಷ್ಯರಂತೆ ಮಾತಾಡಿದ್ದು ಅಲ್ಲೊಂದೇ ಕಡೆ. ಮಹತ್ವದ ಬಗ್ಗೆ ಬರೆಯುವ ಬದಲು ನನ್ನ ಮೊಣಕಾಲಿನ ಬಗ್ಗೆ ಬರೆದಿದ್ದರೆ ಇಬ್ಬರಾದರೂ ಓದುತ್ತಿದ್ದರು. ಈ ಬುದ್ಧಿ ನನಗೆ ಸ್ವಂತವಾಗಿ ಬಂದದ್ದಲ್ಲ. ಸುಜಾತಾ ಹೇಳಿದ ಮೇಲೆ ಬಂತು.

ಸುಜಾತಾ ಪಕ್ಕದ ಕುಪವಾಡದವಳು. ಅವಳ ತಂದೆ ತಾಯಿ ವಿಜಯಪುರದ ಕಡೆಯಿಂದ ಕೂಲಿಗೆ ಬಂದು ಅಲ್ಲಿಯ ಕಾರ್ಖಾನೆಗಳಲ್ಲಿ ನೆಲೆಯೂರಿದವರು. ತಂದೆ ಎರಕದ ಕೆಲಸದಲ್ಲಿದ್ದಾನೆ. ಒಂದೇ ಕೋಣೆಯ ಮನೆಯಲ್ಲಿ ಐವರು ಮತ್ತು ಒಂದು ಟಿವಿ. ಅದಕ್ಕೇ ಅವಳು ಬಸ್ಸು ಹಿಡಿದು ನಮ್ಮ ಅಭ್ಯಾಸಿಕಾಕ್ಕೆ ಬರುತ್ತಾಳೆ. ಪೊಲೀಸ್ ಭರ್ತಿಗೆ ತಯಾರಿ. ಬೆಳಿಗ್ಗೆ ಮೈದಾನದಲ್ಲಿ ಓಡಿ, ಹಗಲೆಲ್ಲ ಇಲ್ಲಿ ಓದುತ್ತಾಳೆ. ಮನೆಯಲ್ಲಿ ಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿ. ಕನ್ನಡ ಪೂರ್ತಿ ತಿಳಿಯುತ್ತದೆ, ಮುಕ್ಕಾಲು ಆಡುತ್ತಾಳೆ, ಓದಲು ಮಾತ್ರ ಒಂದಕ್ಷರವೂ ಬರುತ್ತಿರಲಿಲ್ಲ. ಮೇಜಿನ ಸುತ್ತ ಕೂರುವ ಅರ್ಧದಷ್ಟು ಮಕ್ಕಳ ಕತೆ ಇದೇ. ಎಡಗಡೆಯ ಕಪಾಟು ಅವರ ಪಾಲಿಗೆ ಅವ್ವನ ದನಿಯಲ್ಲಿ ಮಾತಾಡಬಲ್ಲ, ಆದರೆ ಬಾಯಿಗೆ ಬೀಗ ಹಾಕಿಕೊಂಡ ಮುದುಕಿಯ ಹಾಗೆ.

ಆ ಬೇಸಿಗೆಯ ಒಂದು ಮಧ್ಯಾಹ್ನ, ಉದ್ದನೆಯ ಹುಡುಗನೊಬ್ಬ ಎದ್ದು ಹೋಗಿ ಮರಾಠಿ ಕಪಾಟಿನಿಂದ ಒಂದು ಪುಸ್ತಕ ತೆಗೆದ. ನನ್ನ ಎದೆ ಹಿಗ್ಗಿತು. ಅವನು ಅದನ್ನು ಮೇಜಿನ ಮೇಲೆ ಇಟ್ಟು, ಚೀಲದಿಂದ ವಡಾಪಾವ್ ತೆಗೆದು, ಪುಸ್ತಕದ ಮೇಲೆ ಹರವಿಕೊಂಡು ತಿನ್ನತೊಡಗಿದ. ನಾನು ಎದ್ದೆ. “ಯಾಕೋ, ಪುಸ್ತಕಕ್ಕ ಹಸಿವಿ ಆಗೇತೇನು? ಮುಂದ ಓದಾಂವಗ ಒಂದೀಟ ಚಟ್ನಿನೂ ಹಚ್ಚಿ ಇಡೋ. ಪರೀಕ್ಷಾದಾಗ ವಡಾದ ರಾಜಧಾನಿ ಯಾವುದು ಅಂತ ಕೇಳ್ತಾರೇನು?” ಎಂದು ಆರಂಭಿಸಿ, ಅವನ ಓದು, ಅವನ ಕೂದಲು, ಅವನು ಪೊಲೀಸನಾದರೆ ಮಿರಜದ ಕಳ್ಳರಿಗೆ ಬರುವ ಒಳ್ಳೆಯ ದಿನಗಳು, ಎಲ್ಲವನ್ನೂ ಮುಟ್ಟಿ ಮುಗಿಸಿದೆ.

ಸುಜಾತಾ ಅದನ್ನು ಫೋನಿನಲ್ಲಿ ಹಿಡಿದಿದ್ದಳು.

“ಮಾವಶಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬ್ಲಾಗ್ ಲಯಿ ಬೋರ್ ಐತ್ರಿ, ಭಾಳ ಬೋರ್,” ಎಂದಳು ಸಂಜೆ ನನ್ನ ಮೇಜಿನ ಬಳಿ ಬಂದು. ಈ ಮಕ್ಕಳಿಗೆಲ್ಲ ನಾನು ಮಾವಶಿ, ಅಂದರೆ ಚಿಕ್ಕಮ್ಮ. “ಕನ್ನಡಾ ಬರೋ ದಾದಾ ಒಬ್ಬಾಂವ ಓದಿ ಹೇಳಿದಾ. ಆದ್ರ ನೀವು ಬೈತೀರಲ್ಲ, ಅದು ಏಕದಮ್ ಭಾರಿ. ಇದನ್ನ ಹಾಕ್ಲೇನ್ರಿ?”

ನಾನು ಹೂಂ ಎನ್ನುವ ಮೊದಲೇ ಹಾಕಿಯಾಗಿತ್ತು.

ನಾಲ್ಕು ದಿನದಲ್ಲಿ ನಾನು ಮಿರಜದ ಬೈಗುಳದ ಮಾವಶಿಯಾದೆ. ಸ್ಟೇಷನ್ನಿನ ಬಳಿ ರಿಕ್ಷಾದವನೊಬ್ಬ ನನ್ನನ್ನು ಕೂರಿಸಿಕೊಂಡು, “ಮಾವಶಿ, ನನಗೂ ಒಂದೆರಡ ಬೈರಿ” ಎಂದು ಕನ್ನಡಿಯಲ್ಲಿ ನೋಡಿ ನಕ್ಕ. ಸರಸ್ವತಿಯ ಸೇವೆ ಮಾಡಿ ಇಷ್ಟು ವರ್ಷ ಸಿಗದ ಹೆಸರು ವಡಾಪಾವಿನಿಂದ ಸಿಕ್ಕಿತು. ನನಗೆ ನಾಚಿಕೆಯಾಯಿತು ಎಂದು ಬರೆಯಬೇಕು. ನಿಜ ಹೇಳಿದರೆ, ಮರುದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದೆ.

ಮುಂದಿನ ಉಪಾಯವೂ ಸುಜಾತಾಳದೇ. ಹುಡುಗರನ್ನು ಬೈದದ್ದು ಸಾಕು, ಇನ್ನು ಪುಸ್ತಕಗಳನ್ನು ಬೈಯಿರಿ ಎಂದಳು. ವಾರಕ್ಕೊಂದು ಪುಸ್ತಕ ಎತ್ತಿ ಹಿಡಿದು, “ಈ ಪುಸ್ತಕ ಯಾರೂ ಓದಬ್ಯಾಡ್ರಿ” ಎಂದು ಶುರು ಮಾಡುವುದು. ಅಡಿಗೆ ಮನೆಯ ಬಾಗಿಲನ್ನೂ ನೋಡದವರು ಬರೆದ ಪಾಕಪುಸ್ತಕವೊಂದನ್ನು ಬೈದೆ. ಕೊಲೆಗಾರ ಯಾರೆಂದು ಹತ್ತನೆಯ ಪುಟದಲ್ಲೇ ತಿಳಿದುಹೋಗುವ ಪತ್ತೇದಾರಿಯನ್ನು ಬೈದೆ. ಮರುದಿನ ಇಬ್ಬರು ಬಂದು ಆ ಪತ್ತೇದಾರಿ ಕೇಳಿದರು. ಹತ್ತನೆಯ ಪುಟದಲ್ಲಿ ನಿಜಕ್ಕೂ ತಿಳಿಯುತ್ತದೆಯೇ ಎಂದು ಪಂದ್ಯ ಕಟ್ಟಿದ್ದರಂತೆ. ಒಳ್ಳೆಯದು ಓದಿ ಎಂದು ಇಷ್ಟು ವರ್ಷ ಗೋಗರೆದಾಗ ಆಕಳಿಸುತ್ತಿದ್ದವರು, ಕೆಟ್ಟದ್ದು ಮುಟ್ಟಬೇಡಿ ಎಂದ ಕೂಡಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೃಷ್ಟಿಯ ಆರಂಭದಿಂದ ಮನುಷ್ಯಸ್ವಭಾವ ಹೀಗೇ ಇದ್ದರೂ ಗ್ರಂಥಪಾಲಕರ ತರಬೇತಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕನ್ನಡದ ಕಪಾಟಿನ ಕೆಳ ಅರೆಯಲ್ಲಿ ಕೆಂಪು ರಟ್ಟಿನ, ಬಂಗಾರದ ಅಕ್ಷರದ ಒಂದು ಪ್ರವಾಸ ಕಥನವಿತ್ತು. ಒಂದಲ್ಲ, ಅದರ ಹನ್ನೊಂದು ಪ್ರತಿಗಳಿದ್ದವು. ಬರೆದವರು ನಮ್ಮ ಅಧ್ಯಕ್ಷರು ಶಿವಲಿಂಗಪ್ಪ ಕಾಕಾ ಅವರೇ. ಮೂವತ್ತು ವರ್ಷಗಳ ಹಿಂದೆ ಬಸ್ಸು ಮಾಡಿಕೊಂಡು ಬಂಧುಬಳಗದೊಡನೆ ಮಾಡಿದ ತೀರ್ಥಯಾತ್ರೆಯ ಕತೆ. ಸ್ವಂತ ಅಚ್ಚು ಹಾಕಿಸಿ ಗ್ರಂಥಾಲಯಕ್ಕೆ ಕೊಟ್ಟಿದ್ದರು. ಗೋದಾಮಿನ ಮಾತು ಕೇಳಿದ ದಿನದಿಂದ ನನಗೆ ಅವರ ಮೇಲೆ ಒಳಗೊಳಗೇ ಸಿಟ್ಟಿತ್ತು. ರಟ್ಟಿನ ಮೇಲಿನ ಅವರ ಹೆಸರಿಗೆ ಹೆಬ್ಬೆರಳು ಒತ್ತಿ ಹಿಡಿದು, ಸುಜಾತಾಳ ಫೋನಿನ ಮುಂದೆ ನಿಂತೆ.

“ಈ ಪುಸ್ತಕ ಯಾರೂ ಓದಬ್ಯಾಡ್ರಿ. ಬರದಾವ್ರು ದೇಶಾ ಎಲ್ಲಾ ತಿರಗಿ ಬಂದಾರ, ನೋಡಿದ್ದು ಬರೇ ನೀರ! ಗುಡಿ ಮುಂದ ನಿಂತ್ರೂ ನೀರ, ಗುಡ್ಡಾ ಹತ್ತಿದ್ರೂ ನೀರ. ಊರಿಗೊಮ್ಮೆ ‘ಇಲ್ಲಿಯ ನೀರು ಸಿಹಿ ಇದೆ’ ಅಂತ ಬರದಾರ. ಇದು ಪ್ರವಾಸ ಅಲ್ರಿ, ನಳದ ಖಾತೆದವ್ರ ರಿಪೋರ್ಟ್. ನಿದ್ದಿ ಬರದವ್ರು ಮನಿಗೆ ಒಯ್ರಿ, ಗುಳಿಗಿ ಬ್ಯಾಡ.”

ನಗುವ ಭರದಲ್ಲಿ ಹೆಬ್ಬೆರಳು ಜಾರಿದ್ದು ನನಗೆ ತಿಳಿಯಲಿಲ್ಲ.

ಆ ಪುಸ್ತಕಕ್ಕೆ ಬಂದಷ್ಟು ಬೇಡಿಕೆ ನಮ್ಮ ಗ್ರಂಥಾಲಯದಲ್ಲಿ ಯಾವುದಕ್ಕೂ ಬಂದಿರಲಿಲ್ಲ. ಹನ್ನೊಂದೂ ಪ್ರತಿಗಳು ಅರೆಯಿಂದ ಎದ್ದವು. ಆದರೆ ಒಯ್ದವರಲ್ಲಿ ಮುಕ್ಕಾಲು ಮಂದಿಗೆ ಕನ್ನಡದ ಅಕ್ಷರ ಬಾರದು. “ಮಾವಶಿ, ನೀರ ಎಲ್ಲಿ ಐತಿ ತೋರಸ್ರಿ” ಎಂದು ಸುಜಾತಾ ಬೆರಳಿಟ್ಟಳು. ನಾನು ‘ನೀ’ ತೋರಿಸಿದೆ, ‘ರು’ ತೋರಿಸಿದೆ. ಮುಂದಿನ ಪುಟದಲ್ಲಿ ಅವಳೇ ಹುಡುಕಿದಳು. ಅದರ ಮುಂದಿನ ಪುಟದಲ್ಲಿ ‘ಸಿಹಿ’ ಸಿಕ್ಕಿತು, ಆಮೇಲೆ ‘ಇಲ್ಲಿಯ’. ಒಂದೇ ವಾಕ್ಯ ಊರಿಗೊಮ್ಮೆ ಬರುವ ಪುಸ್ತಕ ಸಾಹಿತ್ಯವಾಗಿ ಎಷ್ಟೇ ನೀರಸವಿರಲಿ, ಅಕ್ಷರ ಕಲಿಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೋರ್ಡಿನ ಮೇಲೆ ಕಾಗುಣಿತ ಬರೆದು ಕೊಟ್ಟೆ. ಮರಾಠಿ ಬಾರಾಖಡಿ ಬಲ್ಲವರಿಗೆ ಕನ್ನಡದ ಕಾಗುಣಿತ ಬಟ್ಟೆ ಬದಲಿಸಿದ ಹಳೆಯ ಗೆಳೆಯನಂತೆ. ಸ್ವಲ್ಪ ದಿಟ್ಟಿಸಿದರೆ ಗುರುತು ಹತ್ತುತ್ತದೆ. ದಿನಾ ನಾಲ್ಕು ಗಂಟೆಗೆ ಗೈಡು ಮುಚ್ಚಿ ಎಂಟು ಹತ್ತು ಮಂದಿ ಒಂದು ಮೇಜಿಗೆ ಕೂಡುತ್ತಿದ್ದರು. ಒಬ್ಬರು ಓದುವುದು, ನೀರು ಬಂದಲ್ಲಿ ಎಲ್ಲರೂ ಕೂಡಿ ಹೇಳುವುದು, ಹೊಟ್ಟೆ ಹಿಡಿದು ನಗುವುದು. ಸುಜಾತಾ ಅದನ್ನೂ ಹಾಕಿದಳು. ಅದನ್ನು ನೋಡಿ ಇನ್ನಿಬ್ಬರು ಬಂದರು.

ಹೀಗಿರುವಾಗ ಫೋನು ಬಂತು. “ಕಮಲಾಬಾಯಿ, ಶಿವಲಿಂಗಪ್ಪ ಮಾತಾಡೋದ್ರಿ. ಅಂಗಡ್ಯಾಗ ಹುಡುಗ್ರು ಏನೋ ತೋರಿಸಿದ್ರು. ನಾಳೆ ಬರ್ತೇನಿ.” ಅಷ್ಟೇ. ಇಟ್ಟುಬಿಟ್ಟರು.

ಸುಜಾತಾಳಿಗೆ, “ಆ ವಿಡಿಯೊ ತಗದ ಬಿಡವಾ” ಎಂದೆ. “ಮಾವಶಿ, ಈಗ ಎಲ್ಲಾರ ಫೋನ್ನ್ಯಾಗ ಐತ್ರಿ. ತಗದ್ರ ಆಣಖೀ ಜಾಸ್ತಿ ನೋಡ್ತಾರ” ಎಂದಳು ಆ ಕ್ಷೇತ್ರದ ಪಂಡಿತೆ. ಪುಸ್ತಕ ಬರೆದವರೇ ನಮ್ಮ ಅಧ್ಯಕ್ಷರೆಂದು ನಾನು ಅವಳಿಗೆ ಹೇಳಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆಗಿಂತ, ಹಿರಿಯರೊಬ್ಬರನ್ನು ಊರ ಮುಂದೆ ನಗೆಗೀಡು ಮಾಡಿದೆ ಎಂಬುದು ಹೆಚ್ಚು ಚುಚ್ಚಿತು.

ಮರುದಿನ ಅವರು ಬಂದದ್ದು ಸರಿಯಾಗಿ ನಾಲ್ಕು ಗಂಟೆಗೆ. ಕೋಲೂರಿ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ನಾನು ಎದ್ದು ನಿಂತೆ. ಮೇಜಿನ ಸುತ್ತ ಹುಡುಗರು, ಎಲ್ಲರ ಕೈಯಲ್ಲೂ ಕೆಂಪು ರಟ್ಟು. ಭಾನುವಾರದ ಹೊರತು ಬಾರದ ಅವರನ್ನು ಈ ಮಕ್ಕಳು ನೋಡಿದ್ದಿಲ್ಲ. ಪುಸ್ತಕದ ಹಿಂಬದಿಯಲ್ಲಿ ಲೇಖಕರ ಫೋಟೊ ಇತ್ತು ನಿಜ, ಆದರೆ ಅದು ಕಪ್ಪು ಮೀಸೆ ಹೊತ್ತ ಮೂವತ್ತು ವರ್ಷ ಹಿಂದಿನ ಮುಖ.

“ಯಾ ಕಾಕಾ, ಬರ್ರಿ, ಕುಂದ್ರಿ,” ಎಂದು ಸುಜಾತಾ ಕುರ್ಚಿ ಎಳೆದು ಕೊಟ್ಟಳು. “ಭಾಳ ಮಜಾ ಪುಸ್ತಕ ಐತ್ರಿ. ನೀವೂ ಕೇಳ್ರಿ.”

ಅವರು ಕೂತರು. ನಾನು ಕಣ್ಸನ್ನೆ ಮಾಡಿದೆ, ಯಾರೂ ನೋಡಲಿಲ್ಲ. ಹಿಂದೆ ಓದುವಾಗ ನಡುವೆ ಬಿಟ್ಟುಹೋಗಿತ್ತೆಂದು ಉದ್ದನೆಯ ಹುಡುಗ, ವಡಾಪಾವಿನವನೇ, ಹಿಂದಿನದೊಂದು ಅಧ್ಯಾಯ ಓದಿದ. ಕಾಗುಣಿತದ ಮೇಲೆ ಎಡವುತ್ತ, ಬಸ್ಸು ಕೆಟ್ಟದ್ದು, ಚಕ್ಕಡಿಯವನು ದಾರಿ ತೋರಿಸಿದ್ದು, ಊರು ಸೇರಿದ್ದು ಓದಿ ಕೈ ಎತ್ತಿದ. “ಇಲ್ಲಿಯ ನೀರು ಸಿಹಿ ಇದೆ!” ಎಂದು ಇಡೀ ಮೇಜು ಕೂಗಿತು. ಕಾಕಾ ಅವರ ಕೈ ಕೋಲಿನ ಮೇಲೆ ಬಿಗಿಯಾಯಿತು.

ಆಗ ಸುಜಾತಾ ಪುಟ ತಿರುವುತ್ತ ನನ್ನತ್ತ ನೋಡಿದಳು. “ಮಾವಶಿ, ಒಂದ ತಿಳೀವಲ್ದು. ಈ ಊರಿನಿಂದ ಮುಂದ ಯಾಕ ನೀರ ಇಲ್ರಿ? ನಿನ್ನೆ ಪೂರಾ ಹುಡುಕಿದೆ. ಏಳ ಊರಾದವು. ಗುಡಿ ಐತಿ, ಊಟಾ ಐತಿ. ನೀರ ಎಲ್ಲೂ ಇಲ್ಲ.”

ನಾನು ಆ ಪುಸ್ತಕದಲ್ಲಿ ಅಷ್ಟು ದೂರ ಹೋಗಿರಲೇ ಇಲ್ಲ. ನಲವತ್ತನೆಯ ಪುಟಕ್ಕೆ ಕೈಬಿಟ್ಟಿದ್ದೆ. ಹಾಗೆಂದು ಒಪ್ಪಿಕೊಂಡರೆ ಗ್ರಂಥಪಾಲಕಿಯ ಗತಿಯೇನು? ಚಾಳಿ ಬಿಡದ ನಾಲಗೆ, “ಬರದಾವ್ರಿಗೂ ಬ್ಯಾಸರಾಗಿರಬೇಕವಾ” ಎಂದುಬಿಟ್ಟಿತು.

“ಬ್ಯಾಸರ ಆಗಿದ್ದಿಲ್ಲ,” ಎಂದರು ಕಾಕಾ.

ಎಲ್ಲರೂ ತಿರುಗಿದರು. ಅವರು ಮೇಜಿನ ಮೇಲಿನ ಒಂದು ಪ್ರತಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತೆರೆಯದೆ, ರಟ್ಟಿನ ಮೇಲೆ ಅಂಗೈ ಇಟ್ಟು ಮಾತಾಡಿದರು.

“ನೀರ ನೋಡತಿದ್ದಾಕಿ ನಮ್ಮನಿಯಾಕಿ. ಊರಿಗೆ ಇಳಿದ ಕೂಡ್ಲೆ ತಾಂಬ್ಯಾ ತುಂಬಿ ಒಂದ ಗುಟುಕ ಕುಡದ ಹೇಳಾಕಿ, ಇಲ್ಲಿ ನೀರ ಸಿಹಿ ಐತಿ ಅಂತ. ನಾ ಬರ್ಕೋತಿದ್ನಿ. ಈ ಊರಾಗ ಅಕೀಗೆ ಜ್ವರ ಬಂತು. ಮುಂದ ಬಸ್ಸಿನ್ಯಾಗ ಮಲಗೇ ಬಂದ್ಲು. ನೀರ ಕುಡದ್ಲು, ಖರೆ ರುಚಿ ಹೇಳಲಿಲ್ಲ. ಊರಿಗೆ ಬಂದ ಎರಡ ತಿಂಗಳಿಗೆ ಹೋದ್ಲು.” ರಟ್ಟಿನ ಬಂಗಾರದ ಅಕ್ಷರ ಸವರಿ, “ಅಕೀಗೆ ಅಕ್ಷರಾ ಬರ್ತಿದ್ದಿಲ್ಲ. ಗುಡಿ, ಗುಡ್ಡಾ ಎಲ್ಲಾರೂ ಬರೀತಾರ. ಅಕಿ ಆಡಿದ ಮಾತು ಒಂದರೆ ಅಚ್ಚಾಗಿ ಉಳೀಲಿ ಅಂತ ಅನಸ್ತು,” ಎಂದರು.

ಕೆಳಗೆ ಗಿರಣಿ ಓಡುತ್ತಿತ್ತು. ಸುಜಾತಾ ನಿಧಾನವಾಗಿ ಪುಸ್ತಕ ಮಗುಚಿ ಹಿಂಬದಿಯ ಫೋಟೊ ನೋಡಿದಳು, ಎದುರಿನ ಮುಖ ನೋಡಿದಳು, ಮತ್ತೆ ಫೋಟೊ ನೋಡಿದಳು. ಅವಳ ಕಣ್ಣು ತುಂಬಿತ್ತು. ವಡಾಪಾವಿನವನು ಮಾತ್ರ ತಡೆಯಲಾರದೆ, “ಕಾಕಾ, ಮೀಸಿ ಎಲ್ಲಿ ಹೋದವ್ರಿ?” ಎಂದುಬಿಟ್ಟ. ಆ ಕ್ಷಣ ಅವನನ್ನು ಮೆಟ್ಟಿಲಿನಿಂದ ಕೆಳಗೆ ನೂಕಬೇಕೆನಿಸಿತು. ಆದರೆ ಕಾಕಾ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತೆರೆದು.

ನಾನು ಅವರ ಮುಂದೆ ಹೋಗಿ ನಿಂತೆ. “ಕಾಕಾ, ತಪ್ಪಾತ್ರಿ. ನಾನು ಈ ಪುಸ್ತಕ ನಲವತ್ತ ಪುಟದ ಮುಂದ ಓದೇ ಇಲ್ಲ. ಓದದೇ ಬೈದೇನಿ.” ಅಷ್ಟು ಹುಡುಗರ ಎದುರಿಗೆ ಆ ಮಾತು ಹೇಳುವಾಗ ಕಿವಿ ಸುಟ್ಟಿತು.

“ನಲವತ್ತ ಓದೀರಿ?” ಎಂದರು ಅವರು. “ನಮ್ಮ ಮಗಾ ಎಂಟ ಓದ್ಯಾನ.”

ವಿಡಿಯೊ ತೆಗೆಸುತ್ತೇನೆ ಎಂದೆ. “ಇರ್ಲಿ ಬಿಡ್ರಿ. ಮೂವತ್ತ ವರ್ಷ ಎಲ್ಲಾರೂ ಛಲೋ ಐತಿ, ಛಲೋ ಐತಿ ಅಂದ್ರು. ಒಬ್ರೂ ತಗದು ನೋಡ್ಲಿಲ್ಲ. ಈ ಹುಡುಗಿ ಮೊದಲನೇಕಿ, ಮುಂದ ನೀರ ಯಾಕ ಇಲ್ಲ ಅಂತ ಕೇಳಿದಾಕಿ.” ಎದ್ದು ಕೋಲು ಹಿಡಿದು ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು. “ಆದ್ರ ಕಮಲಾಬಾಯಿ, ನಳದ ಖಾತೆ ಅಂದದ್ದು ಸಿಟ್ಟ ಬಂದೇತ್ರಿ ನನಗ. ಹೋಗಾಕ ಒಂದೀಟ ದಿನಾ ಹತ್ತತೈತಿ.”

ಅದು ಹೋಗಲು ದೀಪಾವಳಿ ಬಂತು. ಸಭೆಯಲ್ಲಿ ಅವರು ನನ್ನ ಕಡೆ ನೋಡದೆಯೇ, ಕಪಾಟುಗಳು ಇರಲಿ ಎಂದರು. ಎಲ್ಲವೂ ಉಳಿದವೆಂದು ಬರೆದರೆ ಕತೆ ಚೆನ್ನಾಗಿರುತ್ತಿತ್ತು. ಎರಡು ಕಪಾಟು ಹೋದವು, ಅವುಗಳ ಜಾಗದಲ್ಲಿ ಕುರ್ಚಿಗಳು ಬಂದವು. ಹೋದದ್ದರಲ್ಲಿ ಯಾರಿಗೂ ಬೇಡವಾಗಿದ್ದ ವರದಿಗಳ ಜೊತೆ ನನಗೆ ಬೇಕಾಗಿದ್ದ ಕೆಲವು ಪುಸ್ತಕಗಳೂ ಇದ್ದವು. ಬ್ಲಾಗನ್ನು ಈಗ ಹುಡುಗರೇ ಬರೆಯುತ್ತಾರೆ, ಮರಾಠಿ ಬೆರೆತ ಕನ್ನಡದಲ್ಲಿ, ಒತ್ತಕ್ಷರಗಳನ್ನು ಮನಬಂದಲ್ಲಿ ಒತ್ತಿ. ನಾನು ತಿದ್ದಲು ಹೋದರೆ ನನ್ನದೇ ವಾಕ್ಯ ಎತ್ತಿ ತೋರಿಸಿ, “ಲಯಿ ಬೋರ್” ಎನ್ನುತ್ತಾರೆ.

ಆ ತರಬೇತಿಯ ತರುಣ ಸುದ್ದಿ ಕೇಳಿ ನನ್ನನ್ನು ಉಪನ್ಯಾಸಕ್ಕೆ ಕರೆದ. ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮುಂದಿನ ಸಾಲಿನ ಗ್ರಂಥಪಾಲಕರೊಬ್ಬರು ಶ್ರದ್ಧೆಯಿಂದ ‘ಬೈಯುವುದು’ ಎಂದು ಟಿಪ್ಪಣಿ ಮಾಡಿಕೊಂಡರು. ಮರುವಾರ ತಮ್ಮ ಊರಿನಲ್ಲಿ ಅದನ್ನು ಜಾರಿಗೆ ತಂದು, ಇದ್ದ ಇಬ್ಬರು ಓದುಗರನ್ನೂ ಕಳೆದುಕೊಂಡರೆಂದು ಕೇಳಿದೆ. ಭಡಂಗ ತಿನ್ನುತ್ತ ಕೇಳಿದ್ದರಿಂದ ನನ್ನ ಕತೆಯ ಉತ್ತರಾರ್ಧ ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಸುಜಾತಾ ಆ ಕೆಂಪು ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿ, ಚೀಟಿಯ ಮೇಲೆ ಕನ್ನಡದಲ್ಲಿ ಸಹಿ ಹಾಕಿ ಹಿಂದಿರುಗಿಸಿದಳು. ಸಹಿಯಲ್ಲಿ ‘ಜಾ’ದ ದೀರ್ಘ ಪಕ್ಕದ ಕಾಲಂ ದಾಟಿ ಹೋಗಿತ್ತು.

“ಮಾವಶಿ, ಇನ್ನೊಂದ ಕೊಡ್ರಿ.”

“ಎಂಥಾದ್ದ ಬೇಕವಾ? ಕತಿ, ಕವಿತಾ, ಚರಿತ್ರೆ?”

ಅವಳು ಯೋಚಿಸಿದಳು. ಕುಚೋದ್ಯವೋ ನಿಜವೋ ಅವಳ ಮುಖದಿಂದ ತಿಳಿಯುವಂತಿರಲಿಲ್ಲ, ಒಳ್ಳೆಯ ಪೊಲೀಸ್ ಆಗುತ್ತಾಳೆ. “ನೀವು ಪೂರಾ ಓದಿದ್ದ ಕೊಡ್ರಿ,” ಎಂದಳು.

ನಾನು ಎಡಗಡೆಯ ಕಪಾಟಿನ ಮುಂದೆ ನಿಂತೆ. ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಬೆನ್ನಿನ ಮೇಲೆ ಸಂಖ್ಯೆ ಬರೆದು, ಚೀಟಿ ಅಂಟಿಸಿ, ಧೂಳು ಹೊಡೆದು, ವರ್ಷ ವರ್ಷ ಎಣಿಸಿ ಇಟ್ಟ ಪುಸ್ತಕಗಳು. ಪ್ರತಿಯೊಂದರ ಜಾಗ ಕಣ್ಣು ಮುಚ್ಚಿ ಹೇಳಬಲ್ಲೆ. ಇವನ್ನು ಉಳಿಸಲೆಂದು ಅಧ್ಯಕ್ಷರ ಮೇಲೆ ಹಲ್ಲು ಮಸೆದವಳು. ಕೈ ಒಂದರ ಮೇಲೆ ಹೋಯಿತು, ಹಿಂದೆ ಬಂತು. ಇನ್ನೊಂದರ ಮೇಲೆ ಹೋಯಿತು, ಹಿಂದೆ ಬಂತು. ಹಿಂದೆ ಅವಳು ಕಾಯುತ್ತಿದ್ದಳು.

“ನಾಳೆ ಬಾ,” ಎಂದೆ ತಿರುಗಿ ನೋಡದೆ.

ಅವಳು ಹೋದ ಮೇಲೆ ನಡುವಿನ ಅರೆಯಿಂದ ಒಂದು ಪುಸ್ತಕ ತೆಗೆದುಕೊಂಡು ನನ್ನ ಕುರ್ಚಿಗೆ ಬಂದು ಮೊದಲನೆಯ ಪುಟ ತೆರೆದೆ. ಅಕ್ಷರಗಳು ಮಸುಕಾಗಿ ಕಂಡವು. ಕನ್ನಡಕ ಒರೆಸಿದೆ, ಆದರೂ ಮಸುಕು. ಆಗ ತಿಳಿಯಿತು: ಇಷ್ಟು ವರ್ಷ ನಾನು ಕೂತ ಜಾಗದಲ್ಲಿ ಪುಸ್ತಕ ಓದುವಷ್ಟು ಬೆಳಕೇ ಬೀಳುವುದಿಲ್ಲ. ಕುರ್ಚಿಯನ್ನು ದರದರ ಎಳೆದುಕೊಂಡು ಕಿಟಕಿಯ ಬಳಿಗೆ ಹೋದೆ. ಮೇಜಿನ ಸುತ್ತಲಿನವರೆಲ್ಲ ತಲೆ ಎತ್ತಿ, ಸದ್ದು ಮಾಡಬೇಡಿ ಎಂಬಂತೆ ನನ್ನನ್ನು ನೋಡಿದರು.